ಅದೇ ಸ್ವರ, ಬೇರೆ ಆಯುಸ್ಸು

ವಾದ್ಯದಂಗಡಿಯ ಗೋಡೆಯ ಮೇಲೆ ಸಾಲಾಗಿ ತೂಗುವ ಮೂರು ಯುಕುಲೆಲೆಗಳನ್ನು ಕಂಡವರು ಮೊದಲು ಹಾಕುವ ಲೆಕ್ಕ ಒಂದೇ: ಸಣ್ಣದು ಮಕ್ಕಳಿಗೆ, ನಡುವಿನದು ಕಾಲೇಜು ಹುಡುಗರಿಗೆ, ದೊಡ್ಡದು ದೊಡ್ಡವರಿಗೆ. ಮಾರುವವರೂ ಎಷ್ಟೋ ಸಲ ಹೀಗೆಯೇ ಹೇಳಿ ಕೈಗಿಡುತ್ತಾರೆ. ಒಮ್ಮೆ ಆ ಮೂರನ್ನೂ ಶ್ರುತಿ ಮಾಡಿಸಿ, ಎಡಗೈ ಬೆರಳು ಎಲ್ಲೂ ಒತ್ತದೆ, ನಾಲ್ಕೂ ತಂತಿಗಳನ್ನು ಒಂದೇ ಸಲ ಸವರಿ ಕೇಳಬೇಕು. ಮೂರರಲ್ಲೂ ಹುಟ್ಟುವುದು ಅವೇ ನಾಲ್ಕು ಸ್ವರ. ಚಿಕ್ಕದರಲ್ಲಿ ಮಿಡಿಯುವ ತಂತಿಯ ಉದ್ದ ಸುಮಾರು 34 ಸೆಂಟಿಮೀಟರ್, ದೊಡ್ಡದರಲ್ಲಿ 43. ಆದರೂ ಎರಡರ ಮೊದಲ ತಂತಿಯೂ ಸೆಕೆಂಡಿಗೆ 440 ಸಲವೇ ಕಂಪಿಸುತ್ತದೆ. ಹಾಗಿದ್ದೂ ಕಣ್ಣು ಮುಚ್ಚಿಕೊಂಡು ಕೇಳಿದವರು ಯಾವುದು ಯಾವುದೆಂದು ಹೇಳಬಲ್ಲರು. ಸ್ವರ ಎಷ್ಟು ಬೇಗ ಏಳುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಅದರ ಬೆನ್ನಿಗೆ ಎಷ್ಟು ತುಂಬುದನಿ ಇರುತ್ತದೆ ಎಂಬುದರಲ್ಲಿ ಅವುಗಳ ಗುರುತಿದೆ.

ನಮ್ಮ ಕಿವಿಗೆ ಇದು ಸ್ವಲ್ಪ ವಿಚಿತ್ರ. ತಂಬೂರಿಯಲ್ಲಿ ಗಾತ್ರ ಬದಲಾದರೆ ಶ್ರುತಿಯೂ ಬದಲಾಗುತ್ತದೆ. ಗಂಡುದನಿಯ ಗಾಯಕರ ತಂಬೂರಿ ಎತ್ತರದ್ದು, ಹೆಣ್ಣುದನಿಯದು ಗಿಡ್ಡ. ಪಾಶ್ಚಾತ್ಯರ ಪಿಟೀಲು, ವಿಯೋಲ, ಚೆಲ್ಲೊಗಳಲ್ಲೂ ಒಡಲು ಹಿಗ್ಗಿದಂತೆ ಸ್ಥಾಯಿ ಇಳಿಯುತ್ತದೆ. ಯುಕುಲೆಲೆಯ ಗಾತ್ರಗಳಿಗೆ ಸೊಪ್ರಾನೊ, ಕನ್ಸರ್ಟ್, ಟೆನರ್, ಬ್ಯಾರಿಟೋನ್ ಎಂದು ಹೆಸರಿಟ್ಟಿರುವುದರಿಂದ ಇಲ್ಲೂ ಹಾಗೆಯೇ ಇರಬೇಕು ಎನಿಸುತ್ತದೆ. ಹಾಗಿಲ್ಲ. ಮೊದಲ ಮೂರೂ ಒಂದೇ ಶ್ರುತಿಯವು. ಬ್ಯಾರಿಟೋನ್ ಮಾತ್ರ ಕೆಳಗಿಳಿಯುತ್ತದೆ. ಶ್ರುತಿ ಬದಲಾಗದಿದ್ದರೆ ಗಾತ್ರ ಬೆಳೆದದ್ದೇಕೆ? ಯಾರೂ ಕೂತು ನಕ್ಷೆ ಬರೆದು ಈ ಕುಟುಂಬವನ್ನು ಕಟ್ಟಲಿಲ್ಲ. ಒಂದೊಂದು ಗಾತ್ರವೂ ಒಂದೊಂದು ಕಾಲದ ಅಗತ್ಯಕ್ಕೆ ಹುಟ್ಟಿತು.

1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಹೊನಲುಲು ಬಂದರಿಗೆ ಬಂತು. ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದಿಂದ ಹೊರಟ ನಾನೂರಕ್ಕೂ ಹೆಚ್ಚು ಜನ ಅದರಲ್ಲಿದ್ದರು. ಹವಾಯಿಯ ಕಬ್ಬಿನ ಗದ್ದೆಗಳಲ್ಲಿ ಕೂಲಿಗೆಂದು ಕರಾರು ಮಾಡಿಕೊಂಡು ಬಂದವರು. ಅವರ ನಡುವೆ ಮರಗೆಲಸ ಬಲ್ಲ ಮೂವರಿದ್ದರು: ಮನುಯೆಲ್ ನುನೆಸ್, ಔಗುಸ್ತು ಡಿಯಾಸ್, ಜೋಸೆ ದು ಎಸ್ಪಿರಿತು ಸಾಂತು. ಮದೀರಾದ ಜನರ ಕೈಯಲ್ಲಿ ಮಶೆಟ್ ಎಂಬ ನಾಲ್ಕು ತಂತಿಯ ಪುಟ್ಟ ವಾದ್ಯ ಇರುತ್ತಿತ್ತು; ರಜಾವ್ ಎಂಬ ಐದು ತಂತಿಯ, ಸ್ವಲ್ಪ ದೊಡ್ಡ ವಾದ್ಯವೂ ಇತ್ತು. ಬಂದ ಕೆಲವೇ ದಿನಗಳಲ್ಲಿ ಈ ದ್ವೀಪದವರು ರಾತ್ರಿ ಹೊತ್ತು ಬೀದಿಯಲ್ಲಿ ನುಡಿಸಿ ಜನರನ್ನು ರಂಜಿಸುತ್ತಿದ್ದುದು ಹೊನಲುಲುವಿನ ಪತ್ರಿಕೆಯಲ್ಲಿ ಸುದ್ದಿಯಾಯಿತು. ಗದ್ದೆಯ ಕರಾರು ಮುಗಿದ ಮೇಲೆ ಮೂವರೂ ಹೊನಲುಲುವಿಗೆ ಬಂದು ಅಂಗಡಿ ಹಾಕಿದರು. ಮಶೆಟ್‌ನ ಮೈಯನ್ನೂ, ರಜಾವ್‌ನ ಐದು ತಂತಿಗಳಲ್ಲಿ ನಾಲ್ಕರ ಶ್ರುತಿಯನ್ನೂ ಕೂಡಿಸಿ, ಹವಾಯಿಯ ಕೋಆ ಮರದಲ್ಲಿ ಕೆತ್ತಿದ್ದೇ ಯುಕುಲೆಲೆ.

ಕೂಲಿಗಳ ವಾದ್ಯವೊಂದು ಹತ್ತೇ ವರ್ಷದೊಳಗೆ ಇಡೀ ನಾಡಿನದಾಗಲು ದೊರೆ ಕಲಾಕೌವಾ ದೊಡ್ಡ ಕಾರಣ. ಕ್ರೈಸ್ತ ಪಾದ್ರಿಗಳ ವಿರೋಧದಿಂದ ಮೂಲೆಗೆ ಸರಿದಿದ್ದ ಹುಲಾ ನೃತ್ಯವನ್ನು ಅರಮನೆಯಂಗಳಕ್ಕೆ ಮರಳಿ ಕರೆತಂದ ದೊರೆ ಅವನು. 1886ರಲ್ಲಿ ಅವನ ಐವತ್ತನೇ ಹುಟ್ಟುಹಬ್ಬದ ಉತ್ಸವದಲ್ಲಿ ಹುಲಾ ಜೊತೆಗೆ ಯುಕುಲೆಲೆಯನ್ನೂ ನುಡಿಸಿದರು. ಏಳೇ ವರ್ಷಗಳಲ್ಲಿ, 1893ರಲ್ಲಿ, ಅವನ ತಂಗಿ ರಾಣಿ ಲಿಲಿಉಒಕಲಾನಿಯನ್ನು ಅಮೆರಿಕದ ವರ್ತಕರ ಕೂಟ ಪದಚ್ಯುತಗೊಳಿಸಿತು; 1898ರಲ್ಲಿ ನಾಡೇ ಅಮೆರಿಕದ ವಶವಾಯಿತು. ರಾಜ್ಯ ಹೋದರೂ ವಾದ್ಯ ಉಳಿದುಕೊಂಡಿತು. ಕೊನೆಗೆ 2015ರಲ್ಲಿ ಹವಾಯಿ ರಾಜ್ಯ ಯುಕುಲೆಲೆಯನ್ನು ತನ್ನ ಅಧಿಕೃತ ಆಧುನಿಕ ವಾದ್ಯವೆಂದು ಘೋಷಿಸಿತು. ಪ್ರಾಚೀನ ವಾದ್ಯದ ಪಟ್ಟ ಪಹು ಎಂಬ ಮದ್ದಳೆಗೆ ಸಂದಿತು.

ಇಷ್ಟು ಕಾಲ ಇದ್ದದ್ದು ಬಹುಮಟ್ಟಿಗೆ ಒಂದೇ ಗಾತ್ರ, ಇವತ್ತು ನಾವು ಸೊಪ್ರಾನೊ ಎನ್ನುವುದು. ಅದನ್ನೇ ಇಂದಿಗೂ ಹಲವರು ‘ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಇದನ್ನು ಒತ್ತಿ ಹೇಳಬೇಕು: ಸೊಪ್ರಾನೊ ಎಂದರೆ ಮಕ್ಕಳಿಗೆಂದು ಕುಗ್ಗಿಸಿದ ಯುಕುಲೆಲೆ ಅಲ್ಲ. ಅದೇ ಮೂಲ. ಉಳಿದವು ಅದನ್ನು ಹಿಗ್ಗಿಸಿದ ರೂಪಗಳು.

ಹಿಗ್ಗಿಸಬೇಕಾಗಿ ಬಂದದ್ದು ಅಮೆರಿಕದ ನೆಲದಲ್ಲಿ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪನಾಮಾ ಕಾಲುವೆಯ ಸಂಭ್ರಮಕ್ಕೆಂದು ನಡೆದ ಮಹಾಪ್ರದರ್ಶನದಲ್ಲಿ ಹವಾಯಿಯ ಮಂಟಪವೊಂದಿತ್ತು. ಅಲ್ಲಿನ ಹಾಡುಗಾರರನ್ನು ಕೇಳಿದ ಜನ ಮರುಳಾದರು. ಊರೂರಿಗೂ ಯುಕುಲೆಲೆಯ ಹುಚ್ಚು ಹಬ್ಬಿತು. ಪೆನ್ಸಿಲ್ವೇನಿಯಾದ ಹೆಸರಾಂತ ಗಿಟಾರ್ ತಯಾರಕ ಮಾರ್ಟಿನ್ ಕಂಪನಿ ಅದಕ್ಕೂ ಮೊದಲೇ, 1907ರ ಹೊತ್ತಿಗೆ, ಒಮ್ಮೆ ಯುಕುಲೆಲೆ ಮಾಡಿ ಕೈಸುಟ್ಟುಕೊಂಡಿತ್ತು. ಗಿಟಾರಿನ ಪದ್ಧತಿಯಲ್ಲೇ ಸ್ಪ್ರೂಸ್ ಮರದ ಮೇಲ್ಹಲಗೆ ಕೂರಿಸಿ, ಒಳಗೆ ಗಟ್ಟಿಯಾಗಿ ಆಧಾರಪಟ್ಟಿಗಳನ್ನು ಹೊಡೆದದ್ದರಿಂದ ನಾದ ಮಂಕಾಗಿತ್ತು. 1916ರಲ್ಲಿ ಒಳಪಟ್ಟಿಗಳನ್ನು ಹಗುರಗೊಳಿಸಿ, ಮಹಾಗನಿಯಲ್ಲಿ ಮತ್ತೆ ಮಾಡಿದಾಗ ವಾದ್ಯ ಹಾಡಿತು. 1920ರ ದಶಕದ ನಡುವಿನಲ್ಲಿ ಆ ಕಂಪನಿ ಗಿಟಾರಿಗಿಂತ ಹೆಚ್ಚು ಯುಕುಲೆಲೆಗಳನ್ನೇ ಮಾರುತ್ತಿತ್ತು. ಅದೇ ಹೊತ್ತಿಗೆ ವಾದ್ಯ ಮನೆಯ ಜಗಲಿಯಿಂದ ನಾಟಕಶಾಲೆಗೆ ಏರಿತ್ತು. ವಾಡೆವಿಲ್ ಎಂಬ ವಿನೋದಾವಳಿ ರಂಗಗಳಲ್ಲಿ ಧ್ವನಿವರ್ಧಕವಿಲ್ಲದೆ ಹಿಂದಿನ ಸಾಲಿಗೂ ಕೇಳಿಸಬೇಕಿತ್ತು. 1925ರ ಸುಮಾರಿಗೆ ಕನ್ಸರ್ಟ್, ಆ ದಶಕ ಮುಗಿಯುವಷ್ಟರಲ್ಲಿ ಟೆನರ್ ಬಂದವು. ಬ್ಯಾರಿಟೋನ್ ಇನ್ನೂ ತಡ: 1940ರ ದಶಕದ ಕೊನೆಗೆ ನ್ಯೂಯಾರ್ಕ್ ಮತ್ತು ಬಾಸ್ಟನ್ ಕಡೆಯ ತಯಾರಕರು ಅದನ್ನು ರೂಪಿಸಿದರು, ಆರ್ಥರ್ ಗಾಡ್‌ಫ್ರೇ ಎಂಬ ಜನಪ್ರಿಯ ನಿರೂಪಕ ಟಿ.ವಿ.ಯಲ್ಲಿ ನುಡಿಸಿ ಮನೆಮನೆಗೆ ಮುಟ್ಟಿಸಿದ.

ಈಗ ತಂತಿಯ ವಿಷಯಕ್ಕೆ ಬರೋಣ. ಸೊಪ್ರಾನೊದಲ್ಲಿ ಮಿಡಿಯುವ ತಂತಿ ಸುಮಾರು 34 ಸೆಂ.ಮೀ., ಕನ್ಸರ್ಟಿನಲ್ಲಿ 38, ಟೆನರಿನಲ್ಲಿ 43, ಬ್ಯಾರಿಟೋನಿನಲ್ಲಿ 48ರಿಂದ 51. ತಂತಿ ಉದ್ದವಾದಷ್ಟೂ ಅದರ ಸ್ವರ ತಗ್ಗುತ್ತದೆ. ಅದೇ ಸ್ವರಕ್ಕೆ ಎಳೆದು ತರಬೇಕಾದರೆ ಹೆಚ್ಚು ಬಿಗಿಯಬೇಕು. ಆ ಬಿಗಿ ಉದ್ದದ ವರ್ಗದಷ್ಟು ಏರುತ್ತದೆ. ಸೊಪ್ರಾನೊದ ತಂತಿಯನ್ನೇ ಬಿಚ್ಚಿ ಟೆನರಿಗೆ ಕಟ್ಟಿ ಅದೇ ಸ್ವರಕ್ಕೆ ತಂದರೆ ಅದರ ಎಳೆತ ಹೆಚ್ಚುಕಡಿಮೆ 1.6 ಪಟ್ಟಾಗುತ್ತದೆ. ತಯಾರಕರು ಗಾತ್ರಕ್ಕೆ ತಕ್ಕ ದಪ್ಪದ ತಂತಿ ಕೊಟ್ಟು ಈ ಅಂತರವನ್ನು ಸರಿದೂಗಿಸಲು ನೋಡುತ್ತಾರೆ, ಆದರೂ ಟೆನರಿನ ತಂತಿ ಬೆರಳಿಗೆ ಗಟ್ಟಿಯಾಗಿಯೇ ಸಿಗುತ್ತದೆ. ಉದ್ದನೆಯ, ಬಿಗಿದ ತಂತಿ ಒಂದು ಮೀಟಿನಿಂದ ಹೆಚ್ಚು ಶಕ್ತಿಯನ್ನು ಹಿಡಿದಿಟ್ಟುಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಗಿಡ್ಡ, ಸಡಿಲ ತಂತಿ ಇದ್ದದ್ದನ್ನು ಕ್ಷಣದಲ್ಲಿ ಕೊಟ್ಟು ಮುಗಿಸುತ್ತದೆ.

ಒಡಲಿನ ಕೆಲಸ ಬೇರೆ. ತಂತಿ ತಾನಾಗಿ ಗಾಳಿಯನ್ನು ಅಲುಗಿಸಲಾರದು. ಕುದುರೆಯ ಮೂಲಕ ಅದು ಮೇಲ್ಹಲಗೆಯನ್ನು ನಡುಗಿಸುತ್ತದೆ, ಹಲಗೆ ಒಳಗಿನ ಗಾಳಿಯನ್ನು, ಆ ಗಾಳಿ ನಾದರಂಧ್ರದ ಮೂಲಕ ಕೋಣೆಯ ಗಾಳಿಯನ್ನು. ಒಳಗಿನ ಗಾಳಿಗೂ ತನ್ನದೇ ಒಂದು ಸ್ವರವಿದೆ. ಒಡಲು ದೊಡ್ಡದಾದಷ್ಟೂ ಆ ಸ್ವರ ಕೆಳಗಿಳಿದು, ಕೆಳಗಿನ ಸ್ವರಗಳಿಗೆ ಬೆನ್ನೆಲುಬು ಸಿಗುತ್ತದೆ. ಸೊಪ್ರಾನೊದ ಪುಟ್ಟ ಒಡಲು ತನ್ನ ಮೂರನೇ ತಂತಿಯ ಮೂಲನಾದಕ್ಕೆ ಹೆಚ್ಚು ಆಸರೆ ಕೊಡಲಾರದು. ಅದರಲ್ಲಿ ನಮ್ಮ ಕಿವಿಗೆ ಮುಂದೆ ಬಂದು ನಿಲ್ಲುವುದು ಮೇಲಿನ ಉಪಸ್ವರಗಳು. ಟೆನರಿನಲ್ಲಿ ಅದೇ ತಂತಿಯನ್ನು ಮೀಟಿದರೆ ಸ್ವರ ದುಂಡಗೆ, ತುಂಬಿಕೊಂಡು ಬರುತ್ತದೆ. ಹಗುರ ಮೇಲ್ಹಲಗೆ ತಂತಿಯ ಶಕ್ತಿಯನ್ನು ಬೇಗ ಹೀರಿ ಬೇಗ ಹೊರಹಾಕುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ. ಒಂದು ಮೀಟಿಗೆ ಸಿಗುವ ಶಕ್ತಿ ಇಷ್ಟೇ. ಅದನ್ನು ಒಮ್ಮೆಲೇ ಖರ್ಚು ಮಾಡಿದರೆ ದನಿ ಚುರುಕು, ನಿಧಾನವಾಗಿ ಮಾಡಿದರೆ ದನಿ ದೀರ್ಘ. ಗಾತ್ರಗಳ ನಡುವಿನ ವ್ಯತ್ಯಾಸದ ತಿರುಳು ಇದು.

ಹಾಗಾಗಿಯೇ ಸೊಪ್ರಾನೊದ ನಾದ ಒಗ್ಗರಣೆಯ ಸಾಸಿವೆಯಂತೆ ಸಿಡಿದು ಮುಗಿಯುತ್ತದೆ. ಅದು ಕೊರತೆ ಎಂದುಕೊಂಡವರು ಆ ವಾದ್ಯದ ಲಯವನ್ನು ಕೇಳಿಲ್ಲ. ಸ್ವರ ಬೇಗ ಸಾಯುವುದರಿಂದಲೇ ಎರಡು ಹೊಡೆತಗಳ ನಡುವೆ ಖಾಲಿ ಜಾಗ ಉಳಿಯುತ್ತದೆ, ಆ ಖಾಲಿಯಲ್ಲಿ ತಾಳ ಎದ್ದು ಕಾಣುತ್ತದೆ. ತೋರುಬೆರಳು ಸಡಿಲವಾಗಿ ಮೇಲೆ ಕೆಳಗೆ ಆಡುತ್ತಾ ಹುಲಾದ ಹೆಜ್ಜೆಗೆ ನಡೆ ಹಾಕಿಕೊಡುವುದು ಈ ವಾದ್ಯಕ್ಕೆ ಹುಟ್ಟಿನಿಂದ ಬಂದ ಕೆಲಸ. ಉದ್ದಕ್ಕೆ ಉಳಿಯುವ ನಾದದಲ್ಲಿ ಒಂದು ಕಾರ್ಡ್ (ಒಟ್ಟಿಗೆ ಮೀಟಿದ ಸ್ವರಗಳ ಗೊಂಚಲು) ಇನ್ನೊಂದರ ಮೇಲೆ ಹರಡಿಕೊಂಡು ಆ ನಡೆ ಮಸುಕಾಗುತ್ತದೆ. ಜೊತೆಗೆ ಅರ್ಧ ಕಿಲೋ ಕೂಡ ತೂಗದ ವಾದ್ಯ. ಪಟ್ಟಿಯ ಹಂಗಿಲ್ಲದೆ ಮುಂಗೈಯಿಂದ ಎದೆಗೆ ಒತ್ತಿಕೊಂಡು ನಿಂತೇ ನುಡಿಸಬಹುದು. ನಾದರಂಧ್ರದ ಮೇಲೆ ನುಡಿಸುವುದಕ್ಕಿಂತ ದಂಡಿ ಒಡಲಿಗೆ ಸೇರುವ ಕಡೆ ಬೆರಳಾಡಿಸಿದರೆ ಅದರ ದನಿ ಇನ್ನಷ್ಟು ಸಿಹಿ.

ಆದರೆ ಇದು ಸುಲಭದ ವಾದ್ಯವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ದಂಡಿಯ ಮೇಲಿನ ಮೊದಲ ಫ್ರೆಟ್ಟಿನ (ಮೆಟ್ಟಿಲಿನ) ಅಗಲ ಸೊಪ್ರಾನೊದಲ್ಲಿ 1.9 ಸೆಂ.ಮೀ., ಹನ್ನೆರಡನೆಯ ಫ್ರೆಟ್ಟಿನ ಹತ್ತಿರ ಬರುವಾಗ ಬರೀ ಒಂದು ಸೆಂಟಿಮೀಟರ್. ತಂತಿ ಗಿಡ್ಡವಾದದ್ದರಿಂದ ತಪ್ಪಿಗೆ ಕ್ಷಮೆಯೂ ಕಡಿಮೆ. ತಯಾರಿಕೆಯಲ್ಲಿ ಒಂದು ಮಿಲಿಮೀಟರ್ ಅತ್ತಿತ್ತಲಾದರೆ ಗಿಟಾರಿನಲ್ಲಿ ಆಗುವ ಅಪಶ್ರುತಿಗಿಂತ ಇಲ್ಲಿ ಹತ್ತಿರಹತ್ತಿರ ಎರಡು ಪಟ್ಟು ಆಗುತ್ತದೆ. ತಲೆಯ ಬಳಿಯ ಪಟ್ಟಿಯಲ್ಲಿ ತಂತಿ ಸ್ವಲ್ಪ ಎತ್ತರಕ್ಕೆ ಕೂತಿದ್ದರೂ ಸಾಕು, ಮೊದಲ ಫ್ರೆಟ್ಟಿನಲ್ಲಿ ಒತ್ತಿದಾಗ ಸ್ವರ ಮೇಲಕ್ಕೆ ಜಾರುತ್ತದೆ. ಕಳಪೆ ಸೊಪ್ರಾನೊಗಳು ಮಕ್ಕಳ ಕಿವಿಯನ್ನು ಕೆಡಿಸುವುದು ಹೀಗೆ. ಮಗುವಿಗೆ ಎಂಬ ಒಂದೇ ಕಾರಣಕ್ಕೆ ಅಗ್ಗದ ಆಟಿಕೆ ತಂದುಕೊಡುವುದು ನನಗೆ ನೋವು ತರುವ ಸಂಗತಿ. ತಪ್ಪು ವಾದ್ಯದಿಂದ ಬಂದದ್ದನ್ನು ಮಗು ತನ್ನ ಬೆರಳಿನದೆಂದು ನಂಬಿಬಿಡುತ್ತದೆ.

ಇದೇ ಗಾತ್ರದಲ್ಲಿ ಇನ್ನೊಂದು ಆಕಾರವೂ ಇದೆ. ಮನುಯೆಲ್ ನುನೆಸ್‌ನ ಬಳಿ ಕೆಲಸ ಕಲಿತು 1916ರಲ್ಲಿ ಹೊನಲುಲುವಿನಲ್ಲಿ ತನ್ನದೇ ಕಾರ್ಖಾನೆ ತೆರೆದ ಸ್ಯಾಮ್ಯುಯೆಲ್ ಕಮಾಕ, ನಡುವಿನ ತಗ್ಗನ್ನು ತೆಗೆದುಹಾಕಿ ಅನಾನಸ್ ಹಣ್ಣಿನ ಆಕಾರದ ಯುಕುಲೆಲೆ ಮಾಡಿದ. 1928ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ತಂತಿಯ ಉದ್ದ ಅಷ್ಟೇ, ಮೇಲ್ಹಲಗೆ ಮತ್ತು ಒಳಗಿನ ಗಾಳಿ ಹೆಚ್ಚು. ನಾದ ಒಂದು ಎಳೆ ಮೆದು. ಆ ಮನೆತನ ಇವತ್ತಿಗೂ ಅಲ್ಲೇ ವಾದ್ಯ ತಯಾರಿಸುತ್ತಿದೆ.

ಕನ್ಸರ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊಪ್ರಾನೊದ ಚುರುಕು ಪೂರ್ತಿ ಹೋಗದೆ, ಬೆರಳಿಗೆ ಒಂದಿಷ್ಟು ಜಾಗ, ನಾದಕ್ಕೆ ಒಂದಿಷ್ಟು ಮೈ ಸೇರಿದ ಗಾತ್ರ ಅದು. ಮನೆಯಲ್ಲಿ ಎಲ್ಲರೂ ಕೈಗೆತ್ತಿಕೊಳ್ಳುವ ಒಂದೇ ವಾದ್ಯ ಬೇಕೆಂದರೆ ಇದನ್ನೇ ಹೇಳುವೆ.

ಟೆನರ್‌ಗೆ ಬಂದರೆ ವಾದ್ಯದ ಸ್ವಭಾವವೇ ಬದಲಾಗುತ್ತದೆ. ಇಲ್ಲಿ ಸ್ವರ ನಿಲ್ಲುತ್ತದೆ. ನಿಲ್ಲುವುದರಿಂದ ಒಂದೊಂದೇ ಸ್ವರವನ್ನು ಹೆಣೆದು ರಾಗವಾಗಿ ಹಾಡಿಸಬಹುದು, ಬೆರಳನ್ನು ಜಾರಿಸಬಹುದು, ಒಂದು ಸ್ವರವನ್ನು ಒತ್ತಿಹಿಡಿದು ನಡುಗಿಸಬಹುದು. ಮೊದಲ ಫ್ರೆಟ್ 2.4 ಸೆಂ.ಮೀ. ಅಗಲ, ಮೇಲೆ ಹೋದರೂ ಬೆರಳು ಒಂದಕ್ಕೊಂದು ತಾಗುವುದಿಲ್ಲ. ಒಂಟಿ ವಾದಕರು ಹೆಚ್ಚಾಗಿ ಟೆನರ್ ಹಿಡಿದಿರುವುದು ಇದಕ್ಕೇ. ಜೇಕ್ ಶಿಮಾಬುಕುರೊ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಕೂತು ಜಾರ್ಜ್ ಹ್ಯಾರಿಸನ್‌ನ ಹಾಡೊಂದನ್ನು ನುಡಿಸಿದ ವಿಡಿಯೊ 2006ರಲ್ಲಿ ಜಗತ್ತಿನ ಕಣ್ಣು ತೆರೆಸಿತು. ಅವನ ಕೈಯಲ್ಲಿದ್ದದ್ದು ಟೆನರ್. ಇಸ್ರಾಯೆಲ್ ಕಮಕಾವಿವೊಒಲೆ 1988ರಲ್ಲಿ ಧ್ವನಿಮುದ್ರಿಸಿದ, 1993ರ ‘ಫೇಸಿಂಗ್ ಫ್ಯೂಚರ್’ ಧ್ವನಿಸುರುಳಿಯಿಂದ ಲೋಕಕ್ಕೆಲ್ಲ ಹರಡಿದ ಕಾಮನಬಿಲ್ಲಿನ ಹಾಡಿನಲ್ಲಿರುವುದು ಅವನ ದನಿ ಮತ್ತು ಒಂದು ಯುಕುಲೆಲೆ, ಅಷ್ಟೇ. ಅಲ್ಲಿ ಕಾರ್ಡುಗಳು ಕಡಿದು ಬೀಳದೆ ದನಿಯ ಕೆಳಗೆ ಹಾಸಿಕೊಂಡಿರುವುದನ್ನು ಗಮನಿಸಿ. ಭಾರೀ ಮೈಕಟ್ಟಿನ ಆ ಗಾಯಕನ ಎದೆಯ ಮೇಲೆ ಯಾವ ಯುಕುಲೆಲೆಯೂ ಪುಟ್ಟದಾಗಿಯೇ ಕಾಣುತ್ತಿತ್ತು.

ಸ್ವರದ ಆಯುಸ್ಸಿನ ಮಾತು ಬಂದಾಗ ನಮ್ಮ ದೇಶದ ಒಂದು ಸಂಗತಿ ನೆನಪಿಸಿಕೊಳ್ಳಬೇಕು. ಹವಾಯಿಯ ಸಂಗೀತ ಭಾರತಕ್ಕೆ ಬಂದದ್ದು ನೂರು ವರ್ಷದಷ್ಟು ಹಳೆಯ ಕಥೆ. ಟೌ ಮೋ ಎಂಬ ಸಂಗೀತಗಾರ 1940ರ ದಶಕದಲ್ಲಿ ಕುಟುಂಬ ಸಮೇತ ಕಲ್ಕತ್ತದಲ್ಲಿ ನೆಲೆಸಿ ನುಡಿಸಿದ, ಕಲಿಸಿದ. ಅಲ್ಲಿಂದ ಬೇರುಬಿಟ್ಟದ್ದು ತಂತಿಯ ಮೇಲೆ ಉಕ್ಕಿನ ಸಲಾಕೆ ಜಾರಿಸಿ ನುಡಿಸುವ ಹವಾಯಿ ಗಿಟಾರ್. ಸಿನಿಮಾ ಸಂಗೀತದಲ್ಲಿ ಹೊಕ್ಕು, ಬ್ರಿಜ್ ಭೂಷಣ್ ಕಾಬ್ರಾ ಅವರ ಕೈಯಲ್ಲಿ ರಾಗಸಂಗೀತದ ವಾದ್ಯವಾಗಿ, ಕೊನೆಗೆ ವಿಶ್ವಮೋಹನ ಭಟ್ ಅವರ ಮೋಹನವೀಣೆಯಾಗಿ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯವರೆಗೆ ಹೋಯಿತು. ಅದರ ಜೊತೆಯಲ್ಲೇ ಇದ್ದ ಯುಕುಲೆಲೆ ಇಲ್ಲಿ ಬೇರುಬಿಡಲಿಲ್ಲ. ಕಾರಣ ನನಗೆ ತೋರುವುದು ಇದು: ಮೀಂಡಿಗೆ, ಗಮಕಕ್ಕೆ ಸ್ವರ ಬದುಕಿರಬೇಕು. ಒಂದು ಮೀಟಿನ ಮೇಲೆ ನಾಲ್ಕಾರು ಸ್ವರ ದಾಟುವಷ್ಟು ಹೊತ್ತು ನಾದ ಉಳಿಯಬೇಕು. ಆಗಿನ ಯುಕುಲೆಲೆ ಎಂದರೆ ಸೊಪ್ರಾನೊ. ಅದರಲ್ಲಿ ಅಷ್ಟು ಹೊತ್ತು ಇಲ್ಲ.

ಹಾಗೆಂದು ನಮ್ಮ ಸಂಗೀತಕ್ಕೆ ಇದು ಪೂರ್ತಿ ಹೊರಗಿನದೂ ಅಲ್ಲ. ನಾಲ್ಕನೇ ತಂತಿಯಿಂದ ಮೊದಲನೆಯದರವರೆಗೆ ಶ್ರುತಿ ಹೀಗಿದೆ: ಜಿ, ಸಿ, ಇ, ಎ. ಸಿ ಎಂದರೆ ಹಾರ್ಮೋನಿಯಂನ ಬಿಳಿ ಒಂದು. ಅದನ್ನು ಷಡ್ಜ ಮಾಡಿಕೊಂಡರೆ ನಾಲ್ಕು ತಂತಿಗಳು ಪ, ಸ, ಗ, ದ. ಇದರಲ್ಲಿ ಪಂಚಮದ ತಂತಿ ಎಲ್ಲಕ್ಕಿಂತ ಮೇಲೆ, ಹೆಬ್ಬೆರಳಿನ ಬಳಿ ಇದ್ದರೂ ಮಂದ್ರದ್ದಲ್ಲ. ಷಡ್ಜಕ್ಕಿಂತ ಎತ್ತರದ, ಮಧ್ಯಸ್ಥಾಯಿಯ ಪಂಚಮವೇ. ಕೆಳಗಿನಿಂದ ಮೇಲಕ್ಕೆ ವರಸೆಯಾಗಿ ಏರದೆ, ಎತ್ತರದಲ್ಲಿ ಶುರುವಾಗಿ, ಇಳಿದು, ಮತ್ತೆ ಏರುವ ಶ್ರುತಿ. ಗಿಟಾರ್ ಕಲಿತವರಿಗೆ ಇದು ಗೊಂದಲ ತರುತ್ತದೆ. ತಂಬೂರಿ ಮೀಟಿದವರಿಗೆ ಅಷ್ಟು ಹೊಸದಲ್ಲ: ಪಂಚಮ, ಸಾರಣೆ, ಅನುಸಾರಣೆ, ಮಂದ್ರ ಎಂಬ ಅಲ್ಲಿನ ಕ್ರಮವೂ ಏರಿ ಇಳಿಯುವಂಥದೇ.

ಪ, ಸ, ಗ, ದ. ಇದಕ್ಕೆ ರಿಷಭವೊಂದನ್ನು ಸೇರಿಸಿದರೆ ಮೋಹನ ರಾಗ! ಆ ರಿಷಭ ಮೂರನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿದೆ. ಆರೋಹಣ ನುಡಿಸಿ ನೋಡಿ: ಮೂರನೇ ತಂತಿ ಖಾಲಿ ಮೀಟಿದರೆ ಸ, ಅದರದೇ ಎರಡನೇ ಫ್ರೆಟ್ ರಿ, ಎರಡನೇ ತಂತಿ ಖಾಲಿ ಗ, ಹೆಬ್ಬೆರಳಿನಿಂದ ನಾಲ್ಕನೇ ತಂತಿ ಖಾಲಿ ಪ, ಮೊದಲ ತಂತಿ ಖಾಲಿ ದ, ಅದರ ಮೂರನೇ ಫ್ರೆಟ್ ತಾರ ಸ. ಎರಡೇ ಕಡೆ ಬೆರಳೊತ್ತಿ ಒಂದು ರಾಗದ ಪೂರ್ತಿ ಆರೋಹಣ. ಸಂಗೀತ ಪಾಠದ ಮಕ್ಕಳು ಮೊದಮೊದಲು ಕಲಿಯುವ ‘ವರವೀಣಾ’ ಗೀತೆ ಮೋಹನದ್ದೇ. ಅದು ಮುಟ್ಟುವ ತಾರ ರಿಷಭ ಮೊದಲ ತಂತಿಯ ಐದನೇ ಫ್ರೆಟ್ಟಿನಲ್ಲಿ ಕಾದಿದೆ. ಹೀಗೆ ಒಂದೊಂದು ಸ್ವರಕ್ಕೂ ಒಂದೊಂದು ತಂತಿ ಬಳಸಿದಾಗ ಹಿಂದಿನ ಸ್ವರ ಆರುವ ಮೊದಲೇ ಮುಂದಿನದು ಸೇರಿಕೊಂಡು ಸಣ್ಣ ಗಂಟೆಗಳ ಸಾಲಿನ ನಾದ ಬರುತ್ತದೆ. ಯುರೋಪಿನ ಹಳೆಯ ಬರೋಕ್ ಗಿಟಾರಿನವರು ಇದಕ್ಕೆ ಕ್ಯಾಂಪನೆಲ್ಲಾ ಎನ್ನುತ್ತಿದ್ದರು. ಜಾನ್ ಕಿಂಗ್ ಎಂಬ ಅಮೆರಿಕದ ವಾದಕ ಆ ಕ್ರಮದಲ್ಲಿ ಬಾಖ್‌ನ ರಚನೆಗಳನ್ನೇ ಯುಕುಲೆಲೆಗೆ ಇಳಿಸಿದರು. ಕನ್ಸರ್ಟ್ ಮತ್ತು ಟೆನರ್‌ಗಳಲ್ಲಿ ಈ ಬಗೆ ಹೆಚ್ಚು ಅರಳುತ್ತದೆ, ಏಕೆಂದರೆ ಅಲ್ಲಿ ಹಿಂದಿನ ಸ್ವರ ಇನ್ನೂ ಉಸಿರಾಡುತ್ತಿರುತ್ತದೆ.

ಟೆನರ್ ನುಡಿಸುವವರಲ್ಲಿ ಅನೇಕರು ಈ ಎತ್ತರದ ನಾಲ್ಕನೇ ತಂತಿಯನ್ನು ತೆಗೆದು ಅದರ ಮಂದ್ರವನ್ನು ಕಟ್ಟುತ್ತಾರೆ. ಲೋ ಜಿ ಎಂದೇ ಅದಕ್ಕೆ ಹೆಸರು. 392ರ ಕಂಪನದ ಜಾಗದಲ್ಲಿ 196. ಈಗ ಶ್ರುತಿ ಕ್ರಮವಾಗಿ ಏರುತ್ತದೆ, ಷಡ್ಜದ ಕೆಳಗೆ ಮಂದ್ರ ಪಂಚಮದವರೆಗೆ ಇಳಿಯಲು ದಾರಿ ಸಿಗುತ್ತದೆ, ಮಂದ್ರ ನಿಷಾದ, ಧೈವತಗಳೂ ದೊರೆಯುತ್ತವೆ. ಹವಾಯಿಯ ಹರ್ಬ್ ಓಹ್ಟಾ ಒಂಟಿ ವಾದನಕ್ಕೆ ಈ ಶ್ರುತಿಯನ್ನು ಹೆಸರುವಾಸಿ ಮಾಡಿದವರು. ರಾಗ ನುಡಿಸಬೇಕೆನ್ನುವವರಿಗೆ ಇದು ವರ. ತಾಳಕ್ಕೆ ಹೊಡೆಯುವವರು ಮಾತ್ರ ಯೋಚಿಸಬೇಕು: ನಾಲ್ಕೂ ಸ್ವರಗಳು ಒತ್ತಾಗಿ ಒಂದೇ ಸ್ಥಾಯಿಯಲ್ಲಿ ಕೂತಿದ್ದರಿಂದ ಬರುತ್ತಿದ್ದ ಆ ಮಿನುಗು ಇಲ್ಲಿ ಹೋಗುತ್ತದೆ.

ಇದಕ್ಕೆ ತದ್ವಿರುದ್ಧದ ದಿಕ್ಕೂ ಇದೆ. 1920ರ ದಶಕದಲ್ಲಿ ಸೊಪ್ರಾನೊಗಳನ್ನು ಈಗಿನದಕ್ಕಿಂತ ಒಂದು ಪೂರ್ಣ ಸ್ವರದಷ್ಟು ಮೇಲೆ, ಬಿಳಿ ಎರಡರ ಶ್ರುತಿಗೆ ಬಿಗಿಯುವುದು ಸಾಮಾನ್ಯವಾಗಿತ್ತು. ಗಿಡ್ಡ ತಂತಿಗೆ ಆ ಹೆಚ್ಚುವರಿ ಬಿಗಿ ಹಿತ. ದನಿ ಇನ್ನಷ್ಟು ಬೆಳಗುತ್ತದೆ. ಕೆನಡಾದ ಶಾಲೆಗಳಲ್ಲಿ ಚಾಮರ್ಸ್ ಡೋನ್ ಕಟ್ಟಿದ ಯುಕುಲೆಲೆ ಪಾಠಕ್ರಮವೂ ಇದೇ ಶ್ರುತಿಯನ್ನು ಹಿಡಿದಿತ್ತು. ಚಿಕ್ಕ ವಾದ್ಯ ಸಪ್ಪೆ ಎನಿಸಿದವರು ಅದನ್ನು ಮಾರುವ ಮೊದಲು ಹೀಗೆ ಶ್ರುತಿ ಏರಿಸಿ ನೋಡುವುದು ಒಳ್ಳೆಯದು.

ಬ್ಯಾರಿಟೋನ್ ಈ ಮನೆತನದಲ್ಲಿ ಬೇರೆ ಒಲೆ ಹೂಡಿದ ತಮ್ಮ. ಶ್ರುತಿ ಡಿ, ಜಿ, ಬಿ, ಇ. ಗಿಟಾರಿನ ಮೊದಲ ನಾಲ್ಕು ತಂತಿಗಳದೇ. ಗಿಟಾರ್ ಬಲ್ಲವರ ಬೆರಳು ಇಲ್ಲಿ ಹೊಸದೇನನ್ನೂ ಕಲಿಯಬೇಕಿಲ್ಲ. ಹಲವು ಯುಕುಲೆಲೆಗಾರರು ಇದನ್ನು ಯುಕುಲೆಲೆ ಎನ್ನಲೇ ಹಿಂಜರಿಯುತ್ತಾರೆ. ಆದರೆ ತಂತಿಗಳ ನಡುವಿನ ಸಂಬಂಧ ನೋಡಿ: ಜಿ ಎಂಬ ಬಿಳಿ ಐದನ್ನು ಷಡ್ಜವೆಂದರೆ ಇಲ್ಲೂ ಪ, ಸ, ಗ, ದ. ಪಂಚಮ ಮಾತ್ರ ಮಂದ್ರದ್ದು. ಬಿಳಿ ಐದು ಎಂದರೆ ನಮ್ಮಲ್ಲಿ ಹೆಣ್ಣುಮಕ್ಕಳು ಸಾಮಾನ್ಯವಾಗಿ ಹಾಡುವ ಶ್ರುತಿ. ಭಾವಗೀತೆ, ದೇವರನಾಮಗಳನ್ನು ತಮ್ಮ ಶ್ರುತಿಯಲ್ಲೇ ಹಾಡಿಕೊಂಡು, ಅಬ್ಬರವಿಲ್ಲದ ಒಂದು ಜೊತೆದನಿ ಬೇಕೆನ್ನುವ ಗಾಯಕಿಯರಿಗೆ ಬ್ಯಾರಿಟೋನಿನ ಖಾಲಿ ತಂತಿಗಳೇ ಹೊಂದಿಕೊಂಡು ನಿಲ್ಲುತ್ತವೆ. ನಮ್ಮ ಅಂಗಡಿಗಳಲ್ಲಿ ಸೊಪ್ರಾನೊ, ಕನ್ಸರ್ಟ್‌ಗಳಷ್ಟು ಸುಲಭವಾಗಿ ಇದು ಕಣ್ಣಿಗೆ ಬೀಳುವುದಿಲ್ಲ ಎಂಬುದು ನನಗೆ ಬೇಸರದ ವಿಷಯ.

ಇದರಾಚೆಗೆ ಎರಡು ತುದಿಗಳಿವೆ. ಸೊಪ್ರಾನೊಗಿಂತಲೂ ಗಿಡ್ಡದಾದ ಸೊಪ್ರಾನಿನೊ. ಬ್ಯಾರಿಟೋನಿಗಿಂತ ತುಸುವೇ ಉದ್ದದ ದಂಡಿಗೆ ರಬ್ಬರಿನಂತಹ ದಪ್ಪ ತಂತಿ ಕಟ್ಟಿ, ಬೇಸ್ ಗಿಟಾರಿನ ಶ್ರುತಿಗೇ ಇಳಿಸಿದ ಬೇಸ್ ಯುಕುಲೆಲೆ. 1985ರಲ್ಲಿ ಹುಟ್ಟಿದ ಬ್ರಿಟನ್ನಿನ ಯುಕುಲೆಲೆ ಆರ್ಕೆಸ್ಟ್ರಾ ಹಲವು ಗಾತ್ರಗಳನ್ನು ಒಟ್ಟಿಗೆ ಕೂರಿಸಿ ನುಡಿಸುತ್ತದೆ. ಗಾತ್ರಗಳ ಗುಣ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠವಿಲ್ಲ: ಒಂದೇ ಹಾಡಿನಲ್ಲಿ ಚಿಕ್ಕವು ತಾಳ ಹಿಡಿದರೆ, ದೊಡ್ಡವು ಅದರ ಕೆಳಗೆ ನೆಲ ಹಾಸುತ್ತವೆ.

ಮರದ ಮಾತನ್ನು ಮಾರಾಟಗಾರರು ಬಹಳ ಹಿಗ್ಗಿಸುತ್ತಾರೆ. ಹವಾಯಿಯ ಹೊರಗೆ ತಾನಾಗಿ ಬೆಳೆಯದ ಕೋಆ ಅಕೇಶಿಯಾ ಕುಲದ ಮರ. ನಮ್ಮ ಮಲೆನಾಡು, ಕರಾವಳಿಯ ನೆಡುತೋಪುಗಳಲ್ಲಿ ಕಾಣುವ ಅಕೇಶಿಯಾ ಅದರ ದಾಯಾದಿ. ಮಾವಿನ ಮರದಿಂದಲೂ ಹವಾಯಿಯಲ್ಲಿ ಚೆಂದದ ಯುಕುಲೆಲೆಗಳನ್ನು ಮಾಡುತ್ತಾರೆ. ಮರದಿಂದ ನಾದದ ಬಣ್ಣ ಬದಲಾಗುವುದು ನಿಜ. ಆದರೆ ಒಂದೇ ವಾದ್ಯದ ತಂತಿ ಬದಲಿಸಿದಾಗ ಆಗುವ ಬದಲಾವಣೆ ಅದಕ್ಕಿಂತ ಬೇಗ ಕಿವಿಗೆ ಬೀಳುತ್ತದೆ. ಎರಡನೇ ಮಹಾಯುದ್ಧದವರೆಗೆ ಪ್ರಾಣಿಗಳ ಕರುಳಿನ ತಂತಿ ಇತ್ತು, ಆಮೇಲೆ ನೈಲಾನ್ ಬಂತು. ಈಗ ಕರುಳಿನ ಗುಣವನ್ನು ಹೋಲುವಂತೆ ಇಟಲಿಯ ಅಕ್ವಿಲಾ ಕಂಪನಿ ಮಾಡಿದ ಬಿಳಿ ತಂತಿಯೂ, ಮೀನು ಹಿಡಿಯುವ ದಾರದ ಪದಾರ್ಥವೇ ಆದ ಫ್ಲೋರೋಕಾರ್ಬನ್ ತಂತಿಯೂ ಇವೆ. ಫ್ಲೋರೋಕಾರ್ಬನ್ ತೆಳ್ಳಗಿದ್ದು ದನಿ ಸ್ಪಷ್ಟವಾಗಿ ಬಿಡಿಬಿಡಿಯಾಗಿ ಕೇಳುತ್ತದೆ. ಹೊಸ ತಂತಿ ಯಾವುದೇ ಇರಲಿ, ಮೊದಲ ಕೆಲವು ದಿನ ಹಿಗ್ಗುತ್ತಾ ಶ್ರುತಿ ಬಿಡುತ್ತಲೇ ಇರುತ್ತದೆ. ವಾದ್ಯ ಕೆಟ್ಟಿದೆಯೆಂದು ಹೆದರಬೇಕಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಇಷ್ಟು. ಹನ್ನೆರಡನೇ ಫ್ರೆಟ್ಟಿನಲ್ಲಿ ತಂತಿಯನ್ನು ಒತ್ತಿ ಮೀಟಿ. ಖಾಲಿ ತಂತಿಯ ಸರಿಯಾಗಿ ಮೇಲಿನ ಸ್ಥಾಯಿಯ ಸ್ವರ ಬರಬೇಕು. ಆಮೇಲೆ ಮೊದಲ ಫ್ರೆಟ್ಟಿನಲ್ಲಿ ನಾಲ್ಕೂ ತಂತಿ ಒತ್ತಿ, ಶ್ರುತಿಮಾಪಕದಲ್ಲಿ ನೋಡಿ. ಬೆರಳು ನೋಯುವಷ್ಟು ಒತ್ತಬೇಕಾಗಿ ಬಂದರೆ ಆ ವಾದ್ಯ ಬೇಡ, ಇಲ್ಲವೇ ತಲೆಯ ಪಟ್ಟಿಯ ಕಚ್ಚುಗಳನ್ನು ಆಳ ಮಾಡಿಸಿಕೊಳ್ಳಿ. ಹಳೆಯ ಪದ್ಧತಿಯ ನೇರ ಬಿರಡೆಗಿಂತ ಹಲ್ಲುಗಾಲಿಯ ಬಿರಡೆ ಕಲಿಯುವವರಿಗೆ ಅನುಕೂಲ, ಸಣ್ಣಸಣ್ಣಗೆ ತಿರುಗಿಸಲು ಆಗುತ್ತದೆ. ಪೂರ್ತಿ ಘನಮರದ ವಾದ್ಯಕ್ಕೆ ಹವೆಯ ಏರುಪೇರು ಆಗದು. ಮಂಗಳೂರಿನ ಮಳೆಗಾಲದಲ್ಲಿ ಉಬ್ಬಿದ ಹಲಗೆ ಕಲಬುರಗಿಯ ಬೇಸಿಗೆಯಲ್ಲಿ ಸೀಳಬಹುದು. ಊರೂರು ಹೊತ್ತು ತಿರುಗುವವರಿಗೆ ಪದರಪದರವಾಗಿ ಅಂಟಿಸಿದ ಮರದ್ದೇ ವಾಸಿ, ನಾದ ಒಂದು ಚೂರು ಕಡಿಮೆಯಾದರೂ.

ತಾಳ ಹಿಡಿದು ಹಾಡುವವರು ಸೊಪ್ರಾನೊ ಅಥವಾ ಕನ್ಸರ್ಟ್ ಎತ್ತಿಕೊಳ್ಳಲಿ, ಕೈ ದೊಡ್ಡದೋ ಸಣ್ಣದೋ ಎಂಬುದು ಆಮೇಲಿನ ಮಾತು. ಒಂದೊಂದೇ ಸ್ವರ ಬಿಡಿಸಿ ನುಡಿಸುವ ಆಸೆಯಿದ್ದರೆ ಟೆನರ್. ಈಗಾಗಲೇ ಟೆನರ್ ಇಟ್ಟುಕೊಂಡವರು ಹೊಸ ವಾದ್ಯಕ್ಕೆ ದುಡ್ಡು ಹಾಕುವ ಮೊದಲು ನಾಲ್ಕನೇ ತಂತಿಯೊಂದನ್ನೇ ಲೋ ಜಿಗೆ ಬದಲಿಸಿ ಒಂದಷ್ಟು ದಿನ ನುಡಿಸಲಿ. ಆ ತಂತಿ ಮೂಲದ್ದಕ್ಕಿಂತ ದಪ್ಪ. ತಲೆಯ ಪಟ್ಟಿಯ ಕಚ್ಚಿನಲ್ಲಿ ಸರಿಯಾಗಿ ಕೂರದಿದ್ದರೆ ಬಲವಂತ ಮಾಡದೆ ಬಲ್ಲವರಿಂದ ಅರ ಹಾಕಿಸಿ ಅಗಲ ಮಾಡಿಸಬೇಕು. ಒಮ್ಮೆ ಅಗಲ ಮಾಡಿದ ಕಚ್ಚಿನಲ್ಲಿ ಹಳೆಯ ತೆಳು ತಂತಿ ಸಡಿಲವಾಗಿ ಗರಗುಟ್ಟಬಹುದು, ಆದ್ದರಿಂದ ಮೊದಲು ಯಾರದಾದರೂ ಲೋ ಜಿ ಕಟ್ಟಿದ ವಾದ್ಯವನ್ನು ಕೈಗೆ ತೆಗೆದುಕೊಂಡು ಕೇಳಿಯೇ ತೀರ್ಮಾನಿಸಿ.